ಬೆಳವಣಿಗೆ ಇಲ್ಲ

ಮೊದಲ ಹನಿ ಬೇಡ, ಕೊನೆಯದೂ ಬೇಡ,
ನಡುವಿನದನ್ನು ಮಾತ್ರ ಹಿಡಿಯಬೇಕು ಎಂದೆ.
ಹರಿಣಾಕ್ಷಿ ಸೀಸೆಯನ್ನು ಸೆರಗಿನೊಳಗೆ ಮರೆಮಾಡಿ ಕೇಳಿದಳು:
"ಒಮ್ಮೆ ಶುರುವಾದರೆ ನಿಲ್ಲಿಸುವುದು ಹೇಗೆ ಮೇಡಂ?"
ನಿಲ್ಲಿಸುವುದರಲ್ಲಿ ಅವಳಷ್ಟು ಪಳಗಿದವರು
ಇಡೀ ಹಂಪನಕಟ್ಟೆಯಲ್ಲೇ ಇಲ್ಲವೆಂದು
ನನಗೆ ಗೊತ್ತಾದದ್ದು ಆಮೇಲೆ.

ಭವಂತಿ ಸ್ಟ್ರೀಟಿನ ಸೀರೆಯಂಗಡಿ, ಮೂರನೇ ಮಹಡಿ.
ಪಾಯಿಖಾನೆ ಕೆಳಗೆ, ಗೋದಾಮಿನ ಹಿಂದೆ,
ಅದರ ಬೀಗದ ಕೈ ಮ್ಯಾನೇಜರನ ಜೇಬಿನಲ್ಲಿ.
ಕೈ ಚಾಚಿ ಅದನ್ನು ಕೇಳುವುದಕ್ಕಿಂತ
ನೀರು ಕುಡಿಯದಿರುವುದೇ ಸುಲಭ.
ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ
ಮದುಮಗಳಿಗೆ, ಮದುಮಗಳ ಚಿಕ್ಕಮ್ಮನಿಗೆ,
ಸುಮ್ಮನೆ ನೋಡಲು ಬಂದವರಿಗೆ
ಬಿಡಿಸಿ, ಮಡಿಸಿ, ಮತ್ತೆ ಬಿಡಿಸಿ.
ಒಳಗೆ ಏಳು ತಿಂಗಳು.
ಅದರ ಕೆಳಗೆ ಇನ್ನೊಂದು ಕೊಡ, ಯಾವಾಗಲೂ ತುಂಬಿಯೇ.

ಸಕ್ಕರೆ ಮೊದಲೇ ಸಿಕ್ಕಿತ್ತು,
ಗ್ಲೂಕೋಸು ನೀರು ಕುಡಿಸಿ ನಾವೇ ಹಿಡಿದದ್ದು.
ಬಯಕೆಯ ದಿನ ಎಲೆಗೆ ಬಿದ್ದ ಸಿಹಿಯನ್ನೆಲ್ಲ
ಬೆರಳಲ್ಲಿ ಮುಟ್ಟಿ ನಾದಿನಿಯ ಎಲೆಗೆ ದಾಟಿಸಿದಳಂತೆ.

ನನ್ನ ಅಜ್ಜಿಗೆ ಲ್ಯಾಬು ಇರಲಿಲ್ಲ.
ಬಚ್ಚಲ ಕಲ್ಲಿನ ಮೇಲೆ ಇರುವೆಯ ಸಾಲು ಕಂಡರೆ
ಮನೆಯಲ್ಲಿ ಯಾರಿಗೆ ಬಂದಿದೆಯೆಂದು ಹೇಳುತ್ತಿದ್ದಳು.
ಇರುವೆಗಿಂತ ಸಣ್ಣವಕ್ಕೂ ಸಿಹಿಯ ದಾರಿ ಗೊತ್ತು.
ಅವು ಸಾಲು ಕಟ್ಟುವುದಿಲ್ಲ, ಅಷ್ಟೆ.

"ಉರಿ ಉಂಟಾ?" "ಇಲ್ಲ."
"ಜ್ವರ?" "ಇಲ್ಲಪ್ಪ. ಸೊಂಟ ಸ್ವಲ್ಪ... ಅದು ನಿಂತು ನಿಂತು."
ಅತ್ತೆ ಉಷ್ಣ ಎಂದಿದ್ದಾರೆ,
ಕೊತ್ತಂಬರಿ ನೆನೆಸಿದ ನೀರು ಕೊಟ್ಟಿದ್ದಾರೆ.
ಅತ್ತೆಯನ್ನು ನಾನು ಬೈಯಲಿಲ್ಲ.
ಉರಿಯುವವರು ಹೇಗೂ ಓಡಿ ಬರುತ್ತಾರೆ;
ಉರಿಯದೆ ಮೇಲೇರುವುದಕ್ಕೇ ನನಗೆ ಹೆದರಿಕೆ,
ಮೂತ್ರಕೋಶದಿಂದ ಮೂತ್ರಪಿಂಡಕ್ಕೆ,
ಅಲ್ಲಿಂದ ಒಂದು ರಾತ್ರಿಯ ನಡುಕಕ್ಕೆ,
ದಿನ ತುಂಬದ ನೋವಿಗೆ.

ತಂತಿಯ ಕುಣಿಕೆ ಅದ್ದಿ ತಟ್ಟೆಯ ಮೇಲೆ ಎಳೆದೆ,
ಕಾವಲಿಗೆ ಎಣ್ಣೆ ಸವರಿದ ಹಾಗೆ.
ಮೈಯಷ್ಟೇ ಬಿಸಿಯಾದ ಪೆಟ್ಟಿಗೆಯಲ್ಲಿ ಒಂದು ರಾತ್ರಿ.
ಬೆಳಿಗ್ಗೆ ಗುಲಾಬಿ ಚುಕ್ಕಿ, ಒತ್ತೊತ್ತಾಗಿ,
ಅವಳೇ ಬಿಡಿಸಿ ತೋರಿಸುವ ಯಾವುದೋ ಸೀರೆಯ ಮೈಯಂತೆ.
ಚಂದವೇ. ಇಪ್ಪತ್ತೆರಡು ವರ್ಷದಿಂದ
ಯಾರಲ್ಲೂ ಹೇಳಲಾಗದ ಚಂದ.

ವರದಿಯನ್ನು ಕಿಂಡಿಯೆದುರೇ ಓದಿದಳು.
ಇಂಗ್ಲಿಷಿನ ಆ ಒಂದು ಪದ ಅವಳಿಗೆ ಗೊತ್ತಿತ್ತು: ಗ್ರೋತ್.
"ಬೆಳವಣಿಗೆ ಉಂಟಲ್ಲ ಮೇಡಂ!" ಎಂದು ನಕ್ಕಳು.
ಹಿಂದೆ ಹದಿನಾಲ್ಕು ಜನ ಸಾಲಿನಲ್ಲಿದ್ದರು.
ನಾನು ಡಾಕ್ಟರ ಬಾಗಿಲು ತೋರಿಸಿದೆ.

ಏಳು ದಿನದ ಮಾತ್ರೆ. ಮತ್ತೊಂದು ವಾರ ಬಿಟ್ಟು ಮತ್ತೊಂದು ಸೀಸೆ.
ಊಟದ ಬಿಡುವಿನಲ್ಲಿ ಓಡಿ ಬಂದವಳು
ಹಾಳೆ ಬಿಡಿಸಿದಳು, ಮಡಿಸಿದಳು,
ಮತ್ತೆ ಬಿಡಿಸಿದಳು,
ಬೆಂಚಿನ ಮೇಲೆ ಕುಳಿತುಬಿಟ್ಟಳು.
ನೋ ಗ್ರೋತ್.
"ಮೊನ್ನೆ ಇತ್ತಲ್ಲ ಮೇಡಂ," ಎಂದಳು,
"ಇಷ್ಟರಲ್ಲಿ ಎಂತ ಆಯ್ತು ಅದಕ್ಕೆ?"
ಒಂದು ಕೈ ಹೊಟ್ಟೆಯ ಮೇಲಿತ್ತು.
ಇನ್ನೊಂದರಲ್ಲಿ ನಾನು ಸಹಿ ಮಾಡಿದ ಕಾಗದ.

ಕಿಂಡಿ ಬಿಟ್ಟು ಹೊರಗೆ ಬಂದೆ, ಕೈಗವಸಿನಲ್ಲೇ.
ಇದು ತಟ್ಟೆಯ ಮಾತು, ಹೊಟ್ಟೆಯದಲ್ಲ ಎಂದೆ.
ನಂಬಲಿಲ್ಲ. ಒಳಗೆ ಹೋಗಿ ತಟ್ಟೆಯನ್ನೇ ತಂದೆ.
ಖಾಲಿ. ತೊಳೆದಿಟ್ಟ ಅಂಗಳದಷ್ಟು ಖಾಲಿ.
ಬೆಳೆಯಬಾರದ್ದು ಬೆಳೆದಿಲ್ಲ, ನೋಡು.
ಅವಳು ಬಗ್ಗಿ ಬಹಳ ಹೊತ್ತು ನೋಡಿದಳು,
ಬಾವಿಯ ತಳದಲ್ಲಿ ಬಿದ್ದದ್ದನ್ನು ಹುಡುಕುವವರಂತೆ.
ಆಮೇಲೆ ಥಟ್ಟನೆ ನೆಟ್ಟಗಾಗಿ
"ಸುಮ್ಮನಿರು ಮಾರಾಯ" ಎಂದಳು,
ನನಗಲ್ಲ.

ಕಣ್ಣೊರೆಸಿಕೊಂಡು ಎದ್ದಳು. ಬೆಂಚಿನ ತುಂಬ ಗಂಡಸರು.
"ಇಲ್ಲಿ ಪಾಯಿಖಾನೆ ಎಲ್ಲಿ ಉಂಟು ಮೇಡಂ?"
ದನಿ ತಗ್ಗಿಸಲಿಲ್ಲ.
ಬಲಕ್ಕೆ ಎಂದೆ. ಬೀಗ ಇಲ್ಲ.